ಆಯಿಯ ಹಚ್ಚೆ, ಅಪ್ಪನ ಬಿದ್ರಿ, ಒಂದೇ ತೋಳು

ಪ್ರಶ್ನೆ: ನಾನು ಕಲಬುರಗಿಯಲ್ಲಿ ಕಾಲೇಜು ಉಪನ್ಯಾಸಕಿ. ತವರು ಬೀದರ್. ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಪೂರ್ತಿ ಸ್ಲೀವ್ ಹಚ್ಚೆ ಹಾಕಿಸಿಕೊಳ್ಳಬೇಕು ಅಂತ ಬಹಳ ದಿನದ ಆಸೆ. ನನ್ನ ಬದುಕಿನ ಮುಖ್ಯವಾದದ್ದೆಲ್ಲ ಅದರಲ್ಲಿ ಇರಬೇಕು. ತೀರಿಹೋದ ಆಯಿಯ (ಅಜ್ಜಿಯ) ಮುಂಗೈಯಲ್ಲಿದ್ದ ಹಸಿರು ಹಚ್ಚೆ, ಅಪ್ಪ ಮಾಡುತ್ತಿದ್ದ ಬಿದ್ರಿ ಹೂಬಳ್ಳಿ (ಈಗ ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದಾರೆ), ಮುತ್ಯಾನ (ಅಜ್ಜನ) ತೊಗರಿ ಹೊಲ, ಶರಣಬಸವೇಶ್ವರ ಗುಡಿ, ಬೀದರ್ ಕೋಟೆ, ಒಂದು ವಚನದ ನಾಲ್ಕು ಸಾಲು, ಮಗಳು ಹುಟ್ಟಿದ ದಿನ, ನವಿಲು, ಗಡಿಯಾರ, ದಿಕ್ಸೂಚಿ. ಹಚ್ಚೆ ಕಲಾವಿದರು ಪಟ್ಟಿ ನೋಡಿ, "ಇಷ್ಟೆಲ್ಲ ಆಗಲ್ಲ ಮೇಡಂ, ಒಂದನ್ನ ಆರಿಸಿ" ಅಂದರು. ಬೇಜಾರಾಯಿತು. ಕೈ ನನ್ನದು, ದುಡ್ಡು ನನ್ನದು. ಅವರ ಮಾತು ಎಷ್ಟು ಕೇಳಬೇಕು, ನನ್ನ ಮಾತು ಎಷ್ಟು ಹಿಡಿಯಬೇಕು? ಅವ್ವನಿಗೆ ಇದು ಒಂಚೂರೂ ಇಷ್ಟವಿಲ್ಲ. ಬಿಎಸ್‌ಎಫ್ ಪರೀಕ್ಷೆಗೆ ಓದುತ್ತಿರುವ ತಮ್ಮ ಮಾತ್ರ ಆಯಿಯ ಹಚ್ಚೆ ತನಗೂ ಬೇಕು ಅಂತಾನೆ.

ಉತ್ತರ: ನಿಮ್ಮ ಕಲಾವಿದರು ಹೇಳಿದ್ದು ಅರ್ಧ ಸರಿ. ಇಷ್ಟೆಲ್ಲ ಆಗಲ್ಲ ಅನ್ನೋದು ನಿಜ. ಆದರೆ "ಒಂದನ್ನ ಆರಿಸಿ" ಅಂತ ಪಟ್ಟಿಯನ್ನು ನಿಮ್ಮ ಕೈಗೇ ವಾಪಸ್ ಕೊಟ್ಟರೆ ಸಾಲದು. ಇದು ಯಾಕೆ, ಅದು ಯಾಕೆ ಅಂತ ಕೂತು ಕೇಳಬೇಕಿತ್ತು. ಬಹುಶಃ ಆ ದಿನ ಅವರಿಗೆ ಪುರುಸೊತ್ತು ಇರಲಿಲ್ಲ. ಇನ್ನೊಂದು ಸಲ ಹೋಗಿ. ಕೆಲಸ ಇಲ್ಲದ ಹೊತ್ತು ಕೇಳಿಕೊಂಡು, ಒಂದು ಗಂಟೆ ಬಿಡುವು ಮಾಡಿಸಿಕೊಂಡು ಹೋಗಿ. ಅದಕ್ಕೆ ಮೊದಲು ನಾನು ಈ ಕಸುಬಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ತೋಳು ಗೋಡೆಯಲ್ಲ. ಅದು ದುಂಡಗಿದೆ, ತಿರುಗುತ್ತದೆ, ಮಡಚುತ್ತದೆ. ನಿಮ್ಮ ಎದುರು ನಿಂತವರಿಗೆ ಒಂದು ಹೊತ್ತಿಗೆ ಅದರ ಮೂರನೇ ಒಂದು ಭಾಗ ಕಂಡರೆ ಹೆಚ್ಚು. ಅಷ್ಟರಲ್ಲಿ ಹತ್ತು ಬೇರೆ ಬೇರೆ ಚಿತ್ರ ಹಾಕಿದರೆ ಚುನಾವಣೆ ಹೊತ್ತಿನ ಪೋಸ್ಟರ್ ಗೋಡೆಯ ಹಾಗೆ ಆಗುತ್ತದೆ. ಎಲ್ಲವೂ ಇರುತ್ತದೆ, ಒಂದೂ ಕಾಣುವುದಿಲ್ಲ. ಒಳ್ಳೆಯ ಸ್ಲೀವ್‌ನಲ್ಲಿ ಕಣ್ಣು ಮೊದಲು ಹೋಗುವ ಜಾಗ ಒಂದೇ. ಮಿಕ್ಕಿದ್ದೆಲ್ಲ ಅದರ ಹಿನ್ನೆಲೆ. ಹಿನ್ನೆಲೆ ಅಂದರೆ ಸುಮ್ನೆ ತುಂಬುವುದಲ್ಲ, ಅಲ್ಲೂ ಅರ್ಥ ಇಡಬಹುದು. ಆದರೆ ಅದು ದನಿ ತಗ್ಗಿಸಿ ಮಾತಾಡಬೇಕು.

ಈಗ ನಿಮ್ಮ ಪಟ್ಟಿಯನ್ನು ಹೀಗೆ ನೋಡಿ. ಅದರಲ್ಲಿ ನಾಲ್ಕು ಜನ ಇದ್ದಾರೆ: ಆಯಿ, ಅಪ್ಪ, ಮುತ್ಯಾ, ಮಗಳು. ಎರಡು ಊರು ಇವೆ. ಒಂದು ವಚನ ಇದೆ. ನವಿಲು, ಗಡಿಯಾರ, ದಿಕ್ಸೂಚಿ ಮಾತ್ರ ಯಾರದೂ ಅಲ್ಲ. ಅವು ಫೋನಿನಲ್ಲಿ ಸ್ಲೀವ್ ಅಂತ ಹುಡುಕಿದಾಗ ಬಂದು ಕೂತವು, ಅಲ್ವಾ? ಗಡಿಯಾರ, ದಿಕ್ಸೂಚಿ, ಗುಲಾಬಿ ಮೂರೂ ಇಲ್ಲದ ಸ್ಲೀವ್ ಕೇಳಿಕೊಂಡು ಯಾರಾದರೂ ಬಂದರೆ ನಾನು ಚಹಾ ತರಿಸುತ್ತೇನೆ. ಗಡಿಯಾರ, ದಿಕ್ಸೂಚಿ ಎರಡನ್ನೂ ಹೊಡೆದುಹಾಕಿ. ನವಿಲಿನ ಹಿಂದೆ ನೀವು ಬರೆಯದ ಕಥೆ ಏನಾದರೂ ಇದ್ದರೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ಅದೂ ಹೋಗಲಿ.

ಮುಖ್ಯವಾದದ್ದು ಯಾವುದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಆಯಿಯ ಹಚ್ಚೆ. ಪಟ್ಟಿಯಲ್ಲಿ ಆಗಲೇ ಒಬ್ಬರ ಚರ್ಮದ ಮೇಲಿದ್ದದ್ದು ಅದೊಂದೇ. ಮಿಕ್ಕವನ್ನೆಲ್ಲ ಹಚ್ಚೆ ಮಾಡಬೇಕು. ಅದು ಹಚ್ಚೆಯಾಗಿಯೇ ಇತ್ತು.

ನಮ್ಮ ಕಡೆ ಹಿಂದೆ ಕೊರವರ ಹೆಂಗಸರು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. ಜಾತ್ರೆಯಲ್ಲಿ ಕೂತು ಹಾಕುವವರೂ ಇದ್ದರು. ತಾಂಡಾದ ಹೆಂಗಸರ ಹಣೆ, ಗಲ್ಲ, ಕೈಗಳ ಮೇಲೆ ಇವತ್ತಿಗೂ ಹಳೆಯ ಚುಕ್ಕಿಗಳನ್ನು ನೋಡಬಹುದು. ಚುಕ್ಕಿ, ಗೆರೆ, ಚೇಳು, ತುಳಸಿ ಕಟ್ಟೆ, ತೊಟ್ಟಿಲು, ಗಂಡನ ಹೆಸರು, ಇಷ್ಟರಲ್ಲೇ ಅವರ ಕೆಲಸ ಮುಗಿಯುತ್ತಿತ್ತು. ಕಪ್ಪು ಅಂದರೆ ಹೆಚ್ಚಾಗಿ ದೀಪದ ಮಸಿ. ಹಾಕಿದ್ದು ಕಪ್ಪು, ಕಾಣುವುದು ಹಸಿರು ನೀಲಿ. ಮಸಿ ಚರ್ಮದ ಒಳಪದರದಲ್ಲಿ ಕೂತಿರುತ್ತದೆ. ಮೇಲಿನ ಚರ್ಮದ ಮೂಲಕ ಬೆಳಕು ಹೋಗಿ ಚದುರಿ ವಾಪಸ್ ಬರುವಾಗ ಕಪ್ಪು ನೀಲಿಯಾಗಿ ಕಾಣುತ್ತದೆ. ಹಾಗಾಗಿ "ಆಯಿಯದು ಹಸಿರಿತ್ತು, ನನಗೂ ಹಸಿರು ಇಂಕ್ ಹಾಕಿ" ಅಂತ ಕೇಳಬೇಡಿ. ಒಳ್ಳೆಯ ಕಪ್ಪು ಹಾಕಿಸಿ. ವರ್ಷಗಳು ಕಳೆದಂತೆ ಅದೇ ಆ ಕಡೆಗೆ ತಿರುಗುತ್ತದೆ. ಪೂರ್ತಿ ಆಯಿಯ ಬಣ್ಣ ಬರಲಿಕ್ಕಿಲ್ಲ, ಈಗಿನ ಇಂಕ್ ಹೆಚ್ಚು ದಟ್ಟ. ಪರವಾಗಿಲ್ಲ.

ಆಯಿಯ ಹಚ್ಚೆ ಹೇಗಿತ್ತು ಅಂತ ನಿಮ್ಮ ನೆನಪಿನಿಂದ ಬರೆಸಬೇಡಿ. ನೆನಪು ಚುಕ್ಕಿಗಳನ್ನು ಸಾಲಾಗಿ ಜೋಡಿಸಿಬಿಡುತ್ತದೆ, ಎರಡೂ ಕಡೆ ಸಮ ಮಾಡಿಬಿಡುತ್ತದೆ. ಕೈಯಲ್ಲಿ ಹಾಕಿದ ಹಚ್ಚೆ ಎಂದೂ ಅಷ್ಟು ಸಮ ಇರುವುದಿಲ್ಲ. ಮನೆಯ ಮದುವೆ ಆಲ್ಬಮ್‌ಗಳನ್ನು ತೆಗೆಯಿರಿ. ಆಯಿ ತಟ್ಟೆ ಹಿಡಿದು ನಿಂತ, ಯಾರಿಗೋ ಅಕ್ಕಿಕಾಳು ಹಾಕುತ್ತಿರುವ ಫೋಟೊ ಒಂದಾದರೂ ಇರುತ್ತದೆ. ಮುಂಗೈ ಕಾಣುವ ಫೋಟೊವನ್ನು ದೊಡ್ಡದು ಮಾಡಿಸಿ. ಬಳೆ ಎಲ್ಲಿ ಬರುತ್ತಿತ್ತು ಅಂತ ನೋಡಿದರೆ ಹಚ್ಚೆ ಮಣಿಕಟ್ಟಿನಿಂದ ಎಷ್ಟು ಮೇಲಿತ್ತು ಅನ್ನುವುದು ಗೊತ್ತಾಗುತ್ತದೆ. ಆಯಿಯ ತಂಗಿಯರು, ವಾರಗಿತ್ತಿಯರು ಯಾರಾದರೂ ಇದ್ದರೆ ಅವರ ಕೈ ನೋಡಿ. ಒಂದೇ ದಿನ ಒಬ್ಬಳೇ ಹೆಂಗಸಿನ ಕೈಯಲ್ಲಿ ನಾಲ್ಕೈದು ಜನ ಹಾಕಿಸಿಕೊಳ್ಳುವುದು ಆಗ ಮಾಮೂಲು. ನಮೂನೆ ಅಲ್ಲೇ ಸಿಗಬಹುದು.

ಸಿಕ್ಕ ಮೇಲೆ ಅದನ್ನು ಚಂದ ಮಾಡಲು ಹೋಗಬೇಡಿ. ಆಯಿಗೆ ಎಲ್ಲಿತ್ತೋ ಅಲ್ಲೇ, ಎಷ್ಟಿತ್ತೋ ಅಷ್ಟೇ. ಒಂದು ಚುಕ್ಕಿ ಓರೆಯಾಗಿದ್ದರೆ ಓರೆಯಾಗಿಯೇ ಇರಲಿ. ಕಲಾವಿದರಿಗೆ ಇದು ಕಷ್ಟ. ಸರಿ ಮಾಡುವುದು ನಮ್ಮ ಕೈಯ ಚಟ. ಈ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಇನ್ನೊಂದು, ಅದರ ಸುತ್ತ ಎರಡು ಬೆರಳಿನಷ್ಟು ಚರ್ಮ ಖಾಲಿ ಬಿಡಿಸಿ. ಪೂರ್ತಿ ತುಂಬಿದ ತೋಳಿನಲ್ಲಿ ಕಣ್ಣನ್ನು ಎಳೆಯುವುದು ಆ ಖಾಲಿ ಜಾಗವೇ.

ಇನ್ನು ಅಪ್ಪನ ಬಿದ್ರಿ. ಇಡೀ ಸ್ಲೀವ್‌ನ ಹಿನ್ನೆಲೆ ಅದೇ ಆಗಬೇಕು ಅಂತ ನನ್ನ ಅಭಿಪ್ರಾಯ. ಆದರೆ ಇಲ್ಲೊಂದು ಪೇಚು ಇದೆ. ಬಿದ್ರಿಯ ಜೀವ ಇರುವುದು ಕಪ್ಪಿನ ಮೇಲಿನ ಬೆಳ್ಳಿಯಲ್ಲಿ. ಚರ್ಮದ ಮೇಲೆ ಬೆಳ್ಳಿ ತರುವುದು ಹೇಗೆ? ಕೆಲವರು ಬಿಳಿ ಇಂಕ್ ಹಾಕೋಣ ಅಂತಾರೆ. ಒಪ್ಪಬೇಡಿ. ಇಂಕ್ ಕೂರುವುದು ಮೇಲ್ಪದರದ ಕೆಳಗೆ, ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ. ನಮ್ಮ ಕಂದು ಬಣ್ಣ ಇರುವುದು ಅದರ ಮೇಲೆ. ಬಿಳಿಯನ್ನು ನಾವು ಯಾವಾಗಲೂ ಕಂದು ಗಾಜಿನ ಮೂಲಕ ನೋಡಿದಂತೆ. ಹಾಕಿದ ದಿನ ಫೋಟೊಗೆ ಹೊಳೆಯುತ್ತದೆ. ವಾಸಿಯಾದ ಮೇಲೆ ಹಳದಿಗಟ್ಟಿ ಹಳೆಯ ಗಾಯದ ಕಲೆಯ ಹಾಗೆ ಕಾಣುತ್ತದೆ. ತಿಳಿ ಗುಲಾಬಿ, ತಿಳಿ ನೀಲಿ, ಹಳದಿಗಳ ಕಥೆಯೂ ಹೆಚ್ಚುಕಡಿಮೆ ಅದೇ. ನಮ್ಮ ಚರ್ಮಕ್ಕೆ ಕಪ್ಪೇ ರಾಜ.

ದಾರಿ ಅಪ್ಪನ ಕೆಲಸದಲ್ಲೇ ಇದೆ. ಬಿದ್ರಿ ಪಾತ್ರೆ ಎರಕ ಹೊಯ್ಯುವುದು ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ. ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚೂಪು ಮೊಳೆಯಿಂದ ನಕ್ಷೆ ಗೀಚುತ್ತಾರೆ. ಗೀಚಿದ್ದನ್ನು ಉಳಿಯಿಂದ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ, ಮನೆಯಲ್ಲೇ ನೋಡಿದ್ದೀರಿ. ಆದರೆ ನಿಮ್ಮ ಕಲಾವಿದರಿಗೆ ಇದನ್ನೇ ಹೇಳಿ. ಯಾಕೆಂದರೆ ಕಪ್ಪು ಕೊನೆಗೆ ಬರುತ್ತದೆ, ಬೆಳ್ಳಿಯನ್ನು ಬಿಟ್ಟು ಸುತ್ತ ಬರುತ್ತದೆ. ಹಚ್ಚೆಯಲ್ಲೂ ಹಾಗೇ ಮಾಡಬಹುದು. ಬಳ್ಳಿಯನ್ನು ಬರೆಯುವುದೇ ಬೇಡ. ಬಳ್ಳಿಯ ಸುತ್ತ ಕಪ್ಪು ತುಂಬಿ, ಬಳ್ಳಿಯನ್ನು ನಿಮ್ಮ ಬರಿ ಚರ್ಮವಾಗಿಯೇ ಬಿಡುವುದು. ನಿಮ್ಮ ಚರ್ಮವೇ ಅಲ್ಲಿ ಬೆಳ್ಳಿ.

ಇದರಲ್ಲಿ ಅಳತೆ ಬಹಳ ಮುಖ್ಯ. ಬಿದ್ರಿ ತಂತಿ ಕೂದಲಿಗಿಂತ ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ, ಲೋಹ ಹಿಗ್ಗುವುದಿಲ್ಲ. ಚರ್ಮದಲ್ಲಿ ಇಂಕ್ ವರ್ಷ ಕಳೆದಂತೆ ಒಂದಿಷ್ಟು ಹರಡುತ್ತದೆ. ಖಾಲಿ ಬಿಟ್ಟ ಗೆರೆಯ ಎರಡೂ ಕಡೆಯಿಂದ ಕಪ್ಪು ಒಳಗೆ ಬರುತ್ತದೆ. ಅದಕ್ಕೆ ಖಾಲಿ ಗೆರೆ ಕನಿಷ್ಠ 2ರಿಂದ 3 ಮಿ.ಮೀ. ಅಗಲ ಇರಲಿ. ಅಪ್ಪನ ಹೂಜಿಯ ಮೇಲಿನ ಬಳ್ಳಿಯನ್ನು ಅದೇ ಅಳತೆಯಲ್ಲಿ ನಕಲು ಮಾಡಿದರೆ ಹತ್ತು ವರ್ಷಕ್ಕೆ ಅದು ಕಪ್ಪು ಪಟ್ಟಿ. ಕಲಾವಿದರು "ಇಷ್ಟು ಸಣ್ಣ ಆಗಲ್ಲ, ಹೂವು ಕಡಿಮೆ ಮಾಡಿ ದೊಡ್ಡದು ಮಾಡೋಣ" ಅಂದರೆ ವಾದ ಮಾಡಬೇಡಿ. ಗಟ್ಟಿ ಕಪ್ಪು ಜಾಸ್ತಿ ಅನಿಸಿದರೆ ಚುಕ್ಕಿ ಚುಕ್ಕಿಯಾಗಿ ಕಪ್ಪು ಮಾಡುವ ಕೆಲಸವೂ ಇದೆ. ಭುಜದ ಹತ್ತಿರ ದಟ್ಟ, ಕೆಳಗೆ ಬರುತ್ತಾ ಚುಕ್ಕಿಗಳು ವಿರಳವಾಗಿ, ಆಯಿಯ ಹಚ್ಚೆಯ ಹತ್ತಿರ ಪೂರ್ತಿ ಇಲ್ಲವಾಗಿ. ನನಗೆ ಈ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಆಯಿಯದೂ ಚುಕ್ಕಿಯ ಕೆಲಸವೇ ಅಲ್ವಾ, ಹೊಂದಿಕೊಳ್ಳುತ್ತದೆ.

ಅಪ್ಪನ ಕೆಲಸದ ಮಾದರಿ ಒಯ್ಯುವಾಗ ಒಂದು ಸಣ್ಣ ವಿಷಯ. ಬಿದ್ರಿಯಲ್ಲಿ ಬೆಳ್ಳಿ ಪಾತ್ರೆಯ ಮೈಮಟ್ಟಕ್ಕೇ ಕೂತಿರುತ್ತದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಬೀಳುವುದಿಲ್ಲ. ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಅದಕ್ಕಿಂತ ಒಳ್ಳೆಯದು, ಅಪ್ಪನ ಕೈಗೆ ದಪ್ಪ ಸ್ಕೆಚ್ ಪೆನ್ ಕೊಟ್ಟು ನಿಮ್ಮ ತೋಳಿನ ಮೇಲೆಯೇ ಒಂದು ಬಳ್ಳಿ ಎಳೆಯಲು ಹೇಳಿ. ಕಣ್ಣು ಮಂದವಾಗಿದ್ದರೂ ಬಳ್ಳಿ ಎಲ್ಲಿ ತಿರುಗಬೇಕು ಅಂತ ಆ ಕೈಗೆ ಗೊತ್ತು. ಹೂಜಿಯ ದುಂಡು ಮೈಮೇಲೆ ನಕ್ಷೆ ಸುತ್ತಿಸಿದ ಕೈ ಅದು. ತೋಳನ್ನು ಸುತ್ತುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಅದರ ಫೋಟೊ ನಾಲ್ಕೂ ಕಡೆಯಿಂದ ತೆಗೆದು ಕಲಾವಿದರಿಗೆ ಕೊಡಿ. ಅವರು ಅದನ್ನು ತಿದ್ದಿಕೊಂಡು ನಕ್ಷೆ ಮಾಡುತ್ತಾರೆ.

ಮುತ್ಯಾನ ಹೊಲಕ್ಕೆ ಬೇರೆ ಚಿತ್ರ ಬೇಡ. ಬಿದ್ರಿ ಬಳ್ಳಿಯಲ್ಲಿ ಸಾಮಾನ್ಯವಾಗಿ ಬರುವ ಎಲೆಯ ಜಾಗದಲ್ಲಿ ತೊಗರಿ ಎಲೆ ಬರಲಿ. ತೊಗರಿಯದು ಒಂದು ತೊಟ್ಟಿಗೆ ಮೂರು ಎಲೆ, ತುದಿ ಚೂಪು. ಬಿಡಿಸಲು ಸುಲಭ, ದೂರದಿಂದಲೂ ಗುರುತು ಸಿಗುತ್ತದೆ. ಕಾಯಿ ಕಾಳಿದ್ದಲ್ಲಿ ಉಬ್ಬಿ, ನಡುವೆ ಓರೆ ಗೆರೆ ಇರುತ್ತದೆ. ಅದೂ ನಕ್ಷೆಗೆ ಹೇಳಿ ಮಾಡಿಸಿದಂತಿದೆ. ಹೂವಿನ ಹಳದಿ ಬೇಕು ಅಂತ ಆಸೆ ಆಗಬಹುದು. ಮೇಲೆ ಹೇಳಿದ ಕಾರಣಕ್ಕೆ ಬೇಡ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿತು. ಬಿದ್ರಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಎರಡೂ ಜಿಲ್ಲೆಯವರಾದ ನಿಮ್ಮ ತೋಳಿನಲ್ಲಿ ಎರಡೂ ಒಂದೇ ಬಳ್ಳಿಗೆ ಕೂಡಿಕೊಂಡರೆ ಅದು ನಿಮ್ಮದೇ ಹಚ್ಚೆ. ಇನ್ನೊಬ್ಬರ ಕೈಯಲ್ಲಿ ಅದಕ್ಕೆ ಅರ್ಥ ಇರುವುದಿಲ್ಲ. ತೊಗರಿ ಬಳ್ಳಿಯಲ್ಲ, ಗಿಡ, ಅಂತ ಮುತ್ಯಾ ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ನಗಲಿ.

ಗುಡಿ ಮತ್ತು ಕೋಟೆ ಎರಡನ್ನೂ ಬಿಡಿ ಅಂತಲೇ ಹೇಳುತ್ತೇನೆ. ಕಟ್ಟಡದ ನೇರ ಗೆರೆಗಳಿಗೂ ತೋಳಿಗೂ ಆಗಿಬರುವುದಿಲ್ಲ. ಅಂಗೈ ಮೇಲೆ ಮಾಡಿ, ಆಮೇಲೆ ಕೆಳಗೆ ಮಾಡಿ ನೋಡಿ. ಮುಂಗೈಯ ಚರ್ಮ ಹೇಗೆ ತಿರುಚಿಕೊಳ್ಳುತ್ತದೆ ಅಂತ ಕಾಣುತ್ತದೆ. ಅಲ್ಲಿ ಗೋಪುರ ಹಾಕಿದರೆ ದಿನಕ್ಕೆ ನೂರು ಸಲ ಅದು ಸೊಟ್ಟಗಾಗುತ್ತದೆ. ಊರು ಬೇಕೇ ಬೇಕು ಅಂದರೆ ರಟ್ಟೆಯ ಹೊರಮೈಯಲ್ಲಿ ಒಂದು ಕಮಾನಿನ ಬಾಗು ಸಾಕು. ಬೀದರಿನ ಮಹಮೂದ್ ಗವಾನ್ ಮದರಸಾದ ಕಮಾನು ಇದೆ, ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಅಗಲದ ಕಮಾನುಗಳ ಸಾಲು ಇದೆ. ಶರಣಬಸವೇಶ್ವರ ಗುಡಿಯ ಕಂಬದ ಒಂದು ಕೆತ್ತನೆ ತೆಗೆದುಕೊಂಡರೂ ಆಯಿತು. ಭುಜದ ದುಂಡಿಗೆ ಕಮಾನಿನ ಬಾಗು ತಾನಾಗಿ ಕೂರುತ್ತದೆ.

ವಚನದ ನಾಲ್ಕು ಸಾಲು ನಿಮಗೆ ಬಹಳ ಮುಖ್ಯ ಅಂತ ಗೊತ್ತಾಗುತ್ತದೆ. ಆದರೂ ಹೇಳಲೇಬೇಕು. ಕನ್ನಡ ಅಕ್ಷರ ದುಂಡು, ಒಳಗೆಲ್ಲ ಸಣ್ಣ ಸಣ್ಣ ಖಾಲಿ ಜಾಗ, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಅಕ್ಷರ ಒಂದು ಸೆಂಟಿಮೀಟರ್ ಎತ್ತರವಾದರೂ ಇಲ್ಲದಿದ್ದರೆ ಕಾಲ ಕಳೆದಂತೆ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಆ ಅಳತೆಗೆ ನಾಲ್ಕು ಸಾಲು ಹಾಕಿದರೆ ಅರ್ಧ ತೋಳು ಅದಕ್ಕೇ ಹೋಯಿತು. ತೋಳು ಸುತ್ತಿಸಿ ಬರೆದರೆ ಓದಲು ನೀವೇ ಗಿರಗಿರ ತಿರುಗಬೇಕು. ಒಂದೇ ಒಂದು ಪದ ಆರಿಸಿ. ಅದನ್ನು ರಟ್ಟೆಯ ಒಳಮೈಯಲ್ಲಿ, ನಿಮಗೆ ಮಾತ್ರ ಕಾಣುವಲ್ಲಿ ಹಾಕಿಸಿ. ಅಲ್ಲಿ ನೋವು ಹೆಚ್ಚು, ಆದರೆ ಬಿಸಿಲು ಬೀಳುವುದಿಲ್ಲವಾದ್ದರಿಂದ ಗೆರೆ ಚೆನ್ನಾಗಿ ಉಳಿಯುತ್ತದೆ. ಅಂಕಿತನಾಮ ಇರುವ ಸಾಲು ಆರಿಸುವ ಮುನ್ನ ಮನೆಯವರನ್ನು ಕೇಳಿ. ಎಡಗೈಯಲ್ಲಿ ದೇವರ ಹೆಸರು ಅಂದರೆ ಹಿರಿಯರು ಒಪ್ಪದ ಮನೆಗಳು ನಮ್ಮ ಕಡೆ ಬಹಳ.

ಅಕ್ಷರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಚಿತ್ರ ಬಿಡಿಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಒತ್ತಕ್ಷರ ಒಡೆದುಹೋಗುತ್ತದೆ. ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅರ್ಕಾವತ್ತು ಎಲ್ಲೋ ಹೋಗಿರುತ್ತದೆ. ಕಲಾವಿದರು ಕನ್ನಡ ಓದದವರಾಗಿದ್ದರೆ ಅದು ಅವರಿಗೆ ಕಾಣುವುದೇ ಇಲ್ಲ. ನೀವು ಪೆನ್ನಿನಲ್ಲಿ ಬರೆದು ಕೊಡಿ. ಸ್ಟೆನ್ಸಿಲ್ (ನಕ್ಷೆಯ ಅಚ್ಚು) ಕೈಗೆ ಅಂಟಿಸಿದ ಮೇಲೆ ಸೂಜಿ ತಾಗುವ ಮುಂಚೆ ನೀವೂ ಓದಿ, ಜೊತೆಗೆ ಬಂದವರ ಹತ್ತಿರವೂ ಓದಿಸಿ.

ಮಗಳ ಹುಟ್ಟಿದ ದಿನವನ್ನು ಅಂಕಿಯಲ್ಲೇ ಬರೆಯಬೇಕು ಅಂತಿಲ್ಲ. ತಾರೀಖು ಎಷ್ಟೋ ಅಷ್ಟು ತೊಗರಿ ಕಾಳು, ತಿಂಗಳು ಎಷ್ಟನೆಯದೋ ಅಷ್ಟು ಮೊಗ್ಗು. ನಿಮಗೂ ಅವಳಿಗೂ ಮಾತ್ರ ಗೊತ್ತಿದ್ದರೆ ಸಾಕು. ಅಂಕಿಯೇ ಬೇಕಾದರೆ ಕನ್ನಡ ಅಂಕಿ ಹಾಕಿಸಿ, ಬಳ್ಳಿಯ ಜೊತೆ ಚೆನ್ನಾಗಿ ಹೊಂದುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು? ನಾನು ಗೆರೆ ಎಳೆಯುವುದು ಇಲ್ಲಿ. ಏನು, ಯಾರು, ಯಾಕೆ ಅನ್ನುವುದು ನಿಮ್ಮದು. ಎಷ್ಟು ದೊಡ್ಡದು, ಎಷ್ಟು ದಪ್ಪ, ಎಲ್ಲಿ ತಿರುಗಬೇಕು, ಎಷ್ಟು ಖಾಲಿ ಬಿಡಬೇಕು ಅನ್ನುವುದು ಅವರದು. ನಕ್ಷೆ ನೋಡಿ "ಇದನ್ನ ಅರ್ಧ ಇಂಚು ಎಡಕ್ಕೆ ಸರಿಸಿ" ಅಂತ ಹೇಳುವುದರಿಂದ ಕೆಲಸ ಕೆಡುತ್ತದೆ. "ಇದರಲ್ಲಿ ಆಯಿ ಕಾಣ್ತಿಲ್ಲ, ಬರೀ ಡಿಸೈನ್ ಕಾಣ್ತಿದೆ" ಅಂತ ಹೇಳಿ. ಯಾಕೆ ಹಾಗೆ ಅನಿಸಿತು ಅಂತ ಅವರು ಹುಡುಕಿಕೊಳ್ಳುತ್ತಾರೆ. ನಮಗೆ ಬೇಕಾಗಿರುವುದು ಆ ಮಾತು. ಅಳತೆ ನಾವು ನೋಡಿಕೊಳ್ಳುತ್ತೇವೆ. ಬೇರೆಯವರ ತೋಳಿನ ಫೋಟೊ ತೋರಿಸಿ "ಇದೇ ಬೇಕು" ಅನ್ನುವುದೂ ಬೇಡ. ಎರಡು ಮೂರು ಫೋಟೊ ತೋರಿಸಿ "ಇದರ ಕಪ್ಪು ಇಷ್ಟ, ಇದರಲ್ಲಿ ಗಿಜಿಗಿಜಿ ಇಷ್ಟವಿಲ್ಲ" ಅಂದರೆ ಅದು ಉಪಯೋಗಕ್ಕೆ ಬರುತ್ತದೆ.

ಇದೆಲ್ಲ ಅವರು ಈ ಕೆಲಸಕ್ಕೆ ಸರಿಯಾದವರಾಗಿದ್ದರೆ ಮಾತ್ರ. ಮುಖಗಳನ್ನು ಫೋಟೊದಂತೆ ಬಿಡಿಸುವುದರಲ್ಲಿ ಪಳಗಿದವರು ನಕ್ಷೆ ಕೆಲಸದಲ್ಲಿ ತಡಕಾಡಬಹುದು. ಅವರ ಹಳೆಯ ಕೆಲಸದ ಫೋಟೊ ಕೇಳಿ. ಅವತ್ತೇ ತೆಗೆದದ್ದಲ್ಲ, ವರ್ಷವಾದ ಮೇಲೆ ತೆಗೆದದ್ದು. ನಮ್ಮಂಥ ಬಣ್ಣದ ಚರ್ಮದ ಮೇಲಿನದ್ದು. ಗಟ್ಟಿ ಕಪ್ಪು ತುಂಬಿದಲ್ಲಿ ತೇಪೆ ತೇಪೆಯಾಗಿದೆಯಾ, ಗೆರೆ ನಡುಗಿದೆಯಾ, ಗೆರೆಯ ಅಂಚಿನಲ್ಲಿ ನೀಲಿ ಮಬ್ಬು ಹರಡಿದೆಯಾ ನೋಡಿ. ಆ ಮಬ್ಬು ಇದ್ದರೆ ಸೂಜಿ ಬೇಕಾದ್ದಕ್ಕಿಂತ ಆಳ ಹೋಗಿದೆ ಅಂತ ಅರ್ಥ. ಇಂಥ ಕೆಲಸ ಮಾಡುವವರು ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದ್, ಸೊಲ್ಲಾಪುರ ದೂರವೇನಲ್ಲ. ಆದರೆ ಹಸಿ ಹಚ್ಚೆಯ ಕೈಯಲ್ಲಿ ತುಂಬಿದ ಬಸ್ಸಿನಲ್ಲಿ ನಿಂತು ಬರುವ ಹಾಗಿದ್ದರೆ ಯೋಚನೆ ಮಾಡಿ.

ದುಡ್ಡಿನ ಮಾತು ಮೊದಲೇ ಆಗಿಬಿಡಲಿ. ಸಿಟ್ಟಿಂಗ್ ಲೆಕ್ಕವೋ, ಗಂಟೆ ಲೆಕ್ಕವೋ, ನಕ್ಷೆಗೆ ಬೇರೆ ಕೊಡಬೇಕೋ, ವಾಸಿಯಾದ ಮೇಲೆ ತಿದ್ದುವ ಕೆಲಸ ಅದರಲ್ಲೇ ಸೇರಿದೆಯೋ ಕೇಳಿ. ನಕ್ಷೆ ಬಿಡಿಸಲು ಮುಂಗಡ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ದಿನಗಟ್ಟಲೆ ಕೆಲಸ. ನಿಮ್ಮ ಬಜೆಟ್ ಇಷ್ಟು ಅಂತ ಬಾಯಿಬಿಟ್ಟು ಹೇಳಿ. ಚೌಕಾಸಿ ಮಾಡಿ ಇಡೀ ತೋಳು ಮುಗಿಸುವ ಬದಲು, ಈ ವರ್ಷ ಮುಂಗೈ, ಮುಂದಿನ ವರ್ಷ ರಟ್ಟೆ ಅಂತ ಹಂಚಿಕೊಳ್ಳುವುದು ಲೇಸು. ಪೂರ್ತಿ ನಕ್ಷೆ ಮಾತ್ರ ಮೊದಲೇ ಆಗಿರಲಿ.

ನಕ್ಷೆ ಆದ ಮೇಲೆ ಅದರ ಪ್ರಿಂಟ್ ತೆಗೆದು ತೋಳಿಗೆ ಸುತ್ತಿ ಅಂಟಿಸಿಕೊಂಡು ಒಂದು ದಿನ ಮನೆಯಲ್ಲಿ ಓಡಾಡಿ. ರೊಟ್ಟಿ ಬಡಿಯಿರಿ, ಬೋರ್ಡ್ ಮೇಲೆ ಬರೆದಂತೆ ಕೈ ಎತ್ತಿ, ಸೀರೆ ಉಟ್ಟು ಕನ್ನಡಿ ನೋಡಿ. ಕುಪ್ಪಸದ ತೋಳು ಎಲ್ಲಿ ಮುಗಿಯುತ್ತದೋ ಅಲ್ಲಿ ಯಾವ ಹೂವು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ ಅಂತ ಆಗ ಗೊತ್ತಾಗುತ್ತದೆ. ಇದನ್ನು ಹೆಚ್ಚಿನ ಗಂಡಸು ಕಲಾವಿದರು ಯೋಚಿಸಿರುವುದಿಲ್ಲ.

ಸಮಯದ ವಿಷಯ. ಪೂರ್ತಿ ಸ್ಲೀವ್ ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಒಂದು ಸಿಟ್ಟಿಂಗ್ ಆದ ಮೇಲೆ ಅದೇ ಜಾಗಕ್ಕೆ ಮತ್ತೆ ಸೂಜಿ ಹಾಕಲು ಮೂರು ನಾಲ್ಕು ವಾರ ಬಿಡಬೇಕು. ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಬೆವರು, ಧೂಳು, ತುರಿಕೆ ಮೂರೂ ಸೇರಿ ಹಸಿ ಹಚ್ಚೆಯನ್ನು ಹಾಳು ಮಾಡುತ್ತವೆ. ದೀಪಾವಳಿ ಆದ ಮೇಲೆ ಶುರು ಮಾಡಿ, ಶಿವರಾತ್ರಿಯೊಳಗೆ ದೊಡ್ಡ ಸಿಟ್ಟಿಂಗ್‌ಗಳನ್ನು ಮುಗಿಸಿಕೊಳ್ಳಿ. ಅದರ ಹಿಂದೆಯೇ ಹೋಳಿ ಬರುತ್ತದೆ. ಸಿಪ್ಪೆ ಬಿಡುತ್ತಿರುವ ಹಚ್ಚೆಗೆ ಹೋಳಿ ಬಣ್ಣ ತಾಗಲೇಬಾರದು. ಮೊದಲ ಸಿಟ್ಟಿಂಗ್‌ನಲ್ಲಿ ಆಯಿಯ ಹಚ್ಚೆಯೊಂದನ್ನೇ ಹಾಕಿಸಿ. ಕೆಲವು ತಿಂಗಳು ಅದರ ಜೊತೆ ಇರಿ. ಇಷ್ಟೇ ಸಾಕು ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಹಾಗೆ ನಿಲ್ಲಿಸಿದವರು ಇದ್ದಾರೆ.

ಆರೋಗ್ಯದ ಮಾತು ಚಿಕ್ಕದಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು. ಇಂಕನ್ನು ಸಣ್ಣ ಬಟ್ಟಲಿಗೆ ಸುರಿದು, ಉಳಿದದ್ದನ್ನು ಚೆಲ್ಲಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಬರುವುದು ಇಲ್ಲಿ ಉದಾಸೀನ ಮಾಡಿದಾಗಲೇ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಸಣ್ಣ ಗಾಯವೂ ಉಬ್ಬಿ ಗಂಟಾಗುವ ಚರ್ಮವಾಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ನೋವು ಕಾಣದ ಕ್ರೀಮನ್ನು ಇಡೀ ತೋಳಿಗೆ ಬಳಿದುಕೊಳ್ಳುವುದು ಅಪಾಯ, ಔಷಧಿ ರಕ್ತಕ್ಕೆ ಸೇರುತ್ತದೆ. ನೀವು ರಕ್ತದಾನ ಮಾಡುವವರಾದರೆ ಪ್ರತಿ ಸಿಟ್ಟಿಂಗ್ ಆದ ಮೇಲೂ 12 ತಿಂಗಳು ಮಾಡುವಂತಿಲ್ಲ. ಸ್ಲೀವ್ ಎರಡು ವರ್ಷ ಎಳೆದರೆ ಆ ಲೆಕ್ಕ ಕೊನೆಯ ಸಿಟ್ಟಿಂಗ್‌ನಿಂದ.

ಅವ್ವನ ವಿಷಯಕ್ಕೆ ಬರೋಣ. ಅವ್ವನಿಗೆ ಇಷ್ಟವಿಲ್ಲ ಅಂತ ಬರೆದಿದ್ದೀರಿ, ಯಾಕೆ ಅಂತ ಬರೆದಿಲ್ಲ. ಕೇಳಿದ್ದೀರಾ? ನಮ್ಮ ಅವ್ವಂದಿರ ಕಾಲದಲ್ಲಿ ಹಚ್ಚೆ ಅಂದರೆ ಹಳ್ಳಿಯವರು, ಓದದವರು ಅನ್ನುವ ಮಾತಿತ್ತು. ಎಷ್ಟೋ ಹೆಂಗಸರು ಪಟ್ಟಣಕ್ಕೆ ಬಂದ ಮೇಲೆ ಸೀರೆ ಸೆರಗಿನಲ್ಲಿ ಮುಂಗೈ ಮುಚ್ಚಿಕೊಂಡು ಓಡಾಡಿದ್ದಾರೆ. ಅಂಥದ್ದನ್ನು ಓದಿದ ಮಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತೇನೆ ಅಂದರೆ ಅವರಿಗೆ ಅರ್ಥವಾಗದಿರುವುದು ಸಹಜ. ಅಥವಾ ನೋವಾಗುತ್ತದೆ ಅನ್ನುವ ಕಾಳಜಿ ಇರಬಹುದು. ಅನುಮತಿ ಕೇಳಲು ಹೋಗಬೇಡಿ, ಸಹಾಯ ಕೇಳಲು ಹೋಗಿ. ಆಯಿಯ ಕೈಯನ್ನು ನಿಮಗಿಂತ ಹತ್ತಿರದಿಂದ, ನಿಮಗಿಂತ ಜಾಸ್ತಿ ವರ್ಷ ನೋಡಿದವರು ಅವರೇ. ದೊಡ್ಡದು ಮಾಡಿಸಿದ ಫೋಟೊ ಮುಂದಿಟ್ಟು, "ಇಲ್ಲಿ ಮೂರು ಚುಕ್ಕಿ ಇತ್ತೋ ಐದೋ?" ಅಂತ ಕೇಳಿ. ಆ ಚುಕ್ಕಿಗಳನ್ನು ಯಾಕೆ ಹಾಕಿಸಿಕೊಂಡರು ಅನ್ನುವುದೂ ಅವರಿಗೇ ಗೊತ್ತಿರಬಹುದು. ಆಮೇಲೂ ಬೇಡ ಅಂದರೆ ಬೇಡ ಅನ್ನಲಿ. ನಕ್ಷೆಯಂತೂ ಸರಿಯಾಗುತ್ತದೆ.

ಕೊನೆಗೆ ನಿಮ್ಮ ತಮ್ಮ. ಅವನಿಗೆ ಈಗಲೇ ಹೇಳಿಬಿಡಿ, ಕಾಯಬೇಕು. ಬಿಎಸ್‌ಎಫ್ ಸೇರಿದಂತೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ವೈದ್ಯಕೀಯ ಪರೀಕ್ಷೆಯಲ್ಲಿ ಹಚ್ಚೆಗೆ ನಿಯಮ ಇದೆ. ಸೆಲ್ಯೂಟ್ ಹೊಡೆಯುವ ಬಲಗೈಯ ಮುಂಗೈ ಮೇಲೆ ಇರಕೂಡದು. ಎಡ ಮುಂಗೈಯ ಒಳಭಾಗ, ಇಲ್ಲವೇ ಅಂಗೈ ಹಿಂಭಾಗ ಆಗಬಹುದು. ಅಳತೆ ಆ ಅಂಗದ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ಆಯಿಯ ಹಚ್ಚೆ ಎಡ ಮುಂಗೈಯ ಒಳಗಡೆ ಸಣ್ಣದಾಗಿದ್ದರೆ ಈ ನಿಯಮದೊಳಗೇ ಬರುತ್ತದೆ. ಆದರೂ ಅಧಿಸೂಚನೆ ಬಂದಾಗ ಅದರಲ್ಲಿನ ವೈದ್ಯಕೀಯ ಮಾನದಂಡ ಪೂರ್ತಿ ಓದಿ, ಆಯ್ಕೆ ಮುಗಿಯುವವರೆಗೆ ಸುಮ್ಮನಿರುವುದೇ ಜಾಣತನ. ನಿಮ್ಮ ಹಾಗೆ ಪೂರ್ತಿ ಸ್ಲೀವ್ ಮಾಡಿಸಿಕೊಂಡರೆ ಅಲ್ಲಿಗೆ ಅವನ ನೌಕರಿಯ ಆಸೆ ಮುಗಿಯಿತು. ಲೇಸರ್‌ನಲ್ಲಿ ತೆಗೆಸಿದರಾಯಿತು ಅಂತ ಸ್ನೇಹಿತರು ಹೇಳುತ್ತಾರೆ. ತೆಗೆಸಲು ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚು, ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯುವ ಸಾಧ್ಯತೆಯೂ ಇದೆ. ಆಯಿಯ ನಕ್ಷೆಯ ಒಂದು ಪ್ರತಿ ಅವನಿಗೂ ಕೊಟ್ಟಿರಿ. ಆಯ್ಕೆಯಾಗಿ ಸೇರಿದ ಮೇಲೆ, ಅಲ್ಲಿನ ನಿಯಮ ಕೇಳಿಕೊಂಡು ಹಾಕಿಸಿಕೊಳ್ಳಲಿ.